ಅವ್ವ ಅಳದ ಅಳು

ಸಿನಿಮಾ ನೋಡಿ ಬಂದವರು ನಮ್ಮ ಮನೆಯಲ್ಲಿ ತಲೆಬಾಗಿಲಿನಿಂದ ನೇರ ಒಳಗೆ ಬರುವಂತಿರಲಿಲ್ಲ. ಹಿತ್ತಲಿಗೆ ಸುತ್ತಿ ಬಂದು, ಕಾಲು ತೊಳೆದು, ಕಣ್ಣಿಗೆರಡು ಬೊಗಸೆ ತಣ್ಣೀರು ಹಾಕಿಕೊಂಡೇ ಹೊಸ್ತಿಲು ದಾಟಬೇಕಿತ್ತು. ಅಫಜಲಪುರದ ನಮ್ಮ ಹಳೆಯ ಮನೆಯಲ್ಲಿ ಈ ಕಟ್ಟಳೆ ಮಾಡಿದವಳು ಅವ್ವ. ಸಿನಿಮಾ ಮೈಲಿಗೆಯೆಂಬ ಭಾವನೆ ಅವಳಿಗೇನೂ ಇರಲಿಲ್ಲ. "ಮಂದೀ ದುಃಖ ಅಷ್ಟೊತ್ತು ದಿಟ್ಟಿಸಿ ನೋಡಿ ಬಂದೀರಿ, ಕಣ್ಣಿಗೆ ಜರಾ ನೀರ ಹಚ್ಕೋರಿ" ಎನ್ನುತ್ತಿದ್ದಳು. ನಾನೂ ಅಣ್ಣನೂ ನಕ್ಕು, ಮುಖ ತೊಳೆದು, ಆ ನೀರಿನ ಹನಿಗಳೊಡನೆಯೇ ಊಟಕ್ಕೆ ಕೂರುತ್ತಿದ್ದೆವು. ಆ ಮಾತನ್ನು ಸ್ವಲ್ಪ ಯೋಚಿಸಿ ಕೇಳಿಸಿಕೊಂಡಿದ್ದರೆ ಮುಂದೆ ನಡೆದದ್ದರಲ್ಲಿ ಅರ್ಧವಾದರೂ ನನಗೆ ಮುಂಚಿತವಾಗಿ ತಿಳಿಯುತ್ತಿತ್ತೇನೋ.

ಅವ್ವನ ಹೆಸರು ಶರಣಮ್ಮ. ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಅಲ್ಲಿಗೆ ಹೋಗಿ ಮಾಡುತ್ತಿದ್ದದ್ದು ಏನೂ ಇಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ, ತೀರಿಹೋದವರ ಹೆಂಡತಿಯ ಪಕ್ಕವೋ ತಾಯಿಯ ಪಕ್ಕವೋ ಸುಮ್ಮನೆ ಕೂರುತ್ತಿದ್ದಳು. ಸಮಾಧಾನ ಹೇಳುತ್ತಿರಲಿಲ್ಲ, ತಾನೂ ಅಳುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತರೆ ಅಳುವವರಿಗೆ ನಾಚಿಕೆಯಿಲ್ಲದೆ ಅಳು ಬರುತ್ತಿತ್ತೆಂದು ಎಷ್ಟೋ ಹೆಂಗಸರು ನನಗೆ ಹೇಳಿದ್ದಾರೆ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ. ಆ ದಿನ ಅವ್ವ ಜೋಳದ ಕಣಜದ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತದ್ದು, ನೆರೆದ ಮಂದಿಗೆಲ್ಲ ಅವಳ ಬೆನ್ನು ಮಾತ್ರ ಕಂಡದ್ದು, ನನಗೆ ನೆನಪಿರುವ ಮೊದಲ ಚಿತ್ರ. ಇನ್ನೆಲ್ಲ ಚಿತ್ರಗಳನ್ನೂ ನಾನು ಆಮೇಲೆ ನೋಡಿದ್ದು.

ಶಿಕ್ಷಕಿಯ ತರಬೇತಿಗೆಂದು ಧಾರವಾಡಕ್ಕೆ ಹೋದಾಗ, ಕಾಲೇಜಿನ ಒಂದು ಕೋಣೆಯಲ್ಲಿ, ಸುಣ್ಣದ ಗೋಡೆಯನ್ನೇ ತೆರೆಯಾಗಿಸಿಕೊಂಡು ತೋರಿಸುತ್ತಿದ್ದ ಕಪ್ಪು ಬಿಳುಪಿನ ಚಿತ್ರಗಳ ಚಟ ನನಗೆ ಹತ್ತಿತು. ಅಲ್ಲಿಯೇ ಆ ನಿರ್ದೇಶಕರು ನನಗೆ ದೇವರಾದದ್ದು. ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಅವರ ಒಳ್ಳೆಯ ಚಿತ್ರಗಳನ್ನು ನೆನೆದು ನನ್ನೊಡನೆ ಜಗಳಕ್ಕೆ ಬರುತ್ತೀರಿ, ಆ ಜಗಳದಲ್ಲಿ ನಾನೂ ನಿಮ್ಮ ಪಕ್ಷವನ್ನೇ ವಹಿಸಬೇಕಾಗುತ್ತದೆ. ಅವರ ಒಂದು ಚಿತ್ರದಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತ ಕೂತ ಹೆಂಗಸಿಗೆ ಯಾರೋ ಬಂದು ಕೆಟ್ಟ ಸುದ್ದಿಯೊಂದನ್ನು ಹೇಳುತ್ತಾರೆ. ಕ್ಯಾಮೆರಾ ಅವಳ ಮುಖಕ್ಕೆ ಹೋಗುವುದಿಲ್ಲ. ಅಕ್ಕಿಯಲ್ಲಿ ಆಡುತ್ತಿದ್ದ ಕೈ ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಲ್ಲು ಆರಿಸತೊಡಗುತ್ತದೆ, ಅಷ್ಟೆ. ಅದನ್ನು ನೋಡಿ ಹಾಸ್ಟೆಲಿಗೆ ಮರಳುವಾಗ, ಅವ್ವನನ್ನು ಬಲ್ಲ ಒಬ್ಬ ಮನುಷ್ಯ ನಾಡಿನ ಇನ್ನೊಂದು ತುದಿಯಲ್ಲಿದ್ದಾನೆಂಬ ವಿಚಿತ್ರವಾದ ಸಂತೋಷ ನನ್ನದಾಗಿತ್ತು.

ಮುಂದೆ ಆಳಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸವಾಯಿತು. ಅಣ್ಣ ಜೇವರ್ಗಿಯಲ್ಲಿ ಬಟ್ಟೆಯಂಗಡಿ ಇಟ್ಟ. ಅವ್ವ ನನ್ನೊಡನೆ ಆಳಂದಕ್ಕೆ ಬಂದಳು. ಎಂಬತ್ತರ ದಶಕ ಆಗಷ್ಟೇ ಮೊದಲಾಗಿತ್ತು. ಒಂದು ದಿನ ಶಿಕ್ಷಕರ ಕೋಣೆಯಲ್ಲಿ, ಸರಸಂಬಾ ಹಳ್ಳಿಯ ಒಂದು ಹಳೆಯ ವಾಡೆಯಲ್ಲಿ, ಗೌಡರ ದೊಡ್ಡ ಮನೆಯಲ್ಲಿ, ಸಿನಿಮಾ ತೆಗೆಯಲು ಮಂದಿ ಬಂದಿದ್ದಾರೆ ಎಂಬ ಸುದ್ದಿ ಬಂತು. ಯಾರು ಎಂದು ಕೇಳಿದೆ. ಅವರೇ! ಸಹೋದ್ಯೋಗಿಗಳಿಗೆಲ್ಲ ಅವರ ಮಹಿಮೆಯನ್ನು ಹಾಡಿ ಹಾಡಿ ಸಾಕುಮಾಡಿದೆ. ಸರಸಂಬಾದಲ್ಲಿ ಬಂಧುಗಳಿದ್ದರು; ರವಿವಾರ ಅವ್ವನನ್ನು ಕರೆದುಕೊಂಡು ಹೊರಟೇಬಿಟ್ಟೆ.

ವಾಡೆಯ ಕಟ್ಟೆಯ ಮೇಲೆ ನಾವಿಬ್ಬರೂ ಕೂತಿದ್ದೆವು. ನಾನು ಅವರನ್ನು ನೋಡುತ್ತಿದ್ದೆ, ಅವರು ಅವ್ವನನ್ನು ನೋಡುತ್ತಿದ್ದರು. ತೆಳ್ಳನೆಯ, ಮೃದು ಮಾತಿನ ಮನುಷ್ಯ. ಹತ್ತಿರ ಬಂದು, ನೆಲದ ಮೇಲೆಯೇ ಕೂತು, ತಮ್ಮ ಚಿತ್ರದ ಅಜ್ಜಿಯ ಪಾತ್ರವನ್ನು ನೀವು ಮಾಡಬೇಕು ಅಂದರು. ಅವ್ವ ನಕ್ಕಳು. ನಾನು ನಗಲಿಲ್ಲ; ಅವಳ ಮೊಣಕೈ ಹಿಡಿದು "ಹೂಂ ಅನ್ನು ಬೇ" ಎಂದು ಅಂಗಲಾಚಿದೆ.

"ಏನ್ ಮಾಡ್ಬೇಕಾಗ್ತದ್ರಿ ನಾ?" ಎಂದಳು ಅವ್ವ.

"ಕಲ್ಲಿನ ಗಣಿಯಲ್ಲಿ ನಿಮ್ಮ ಮಗ ಸತ್ತ ಅಂತ ಸುದ್ದಿ ಬರುತ್ತೆ ಅಮ್ಮ. ಆಗ ನೀವು ಅಳಬೇಕು."

"ಮಂದಿ ಮುಂದ ನಾ ಅಳಂಗಿಲ್ರಿ."

"ಯಾಕಮ್ಮ?"

"ಅತ್ತರ ಮಂದಿ ಸಮಾಧಾನ ಮಾಡಾಕ ಬರ್ತಾರ. ನನ್ನ ದುಃಖಕ್ಕ ಅವರ್ಯಾಕ ದಣೀಬೇಕ್ರಿ?"

ಅವರು, "ಹಾಗಾದರೆ ನೀವು ಏನು ಮಾಡ್ತೀರಿ?" ಎಂದರು.

"ಗ್ವಾಡಿ ಕಡಿ ಮಾರಿ ಮಾಡಿ ಕುಂದರ್ತೇನಿ."

"ಹಾಗೇ ಕೂರಿ ಅಮ್ಮ. ಅಷ್ಟೇ ಸಾಕು."

ಸಣ್ಣಪುಟ್ಟ ಮಾತಿನ ದೃಶ್ಯಗಳೆಲ್ಲ ಮುಗಿದ ಮೇಲೆ ಆ ದೃಶ್ಯ ಬಂತು. ಕ್ಯಾಮೆರಾವನ್ನು ಗೋಡೆಗೆ ಎದುರಾಗಿ, ಅವ್ವ ತಿರುಗಿದಾಗ ಬೆನ್ನು ಕಾಣುವಂತೆ ಇಟ್ಟರು. ಸುದ್ದಿ ತಂದವನು ತನ್ನ ಮಾತು ಹೇಳಿದ. ಅವ್ವ ಎದ್ದು, ನಿಧಾನವಾಗಿ ಗೋಡೆಯ ಕಡೆ ತಿರುಗಿ ಕೂತಳು. ಯಾರೂ ಹೇಳಿಕೊಡದಿದ್ದ ಒಂದು ಕೆಲಸವನ್ನು ಅವಳ ಬಲಗೈ ಮಾಡಿತು: ಮಣ್ಣಿನ ಗಿಲಾವು ಕಿತ್ತುಹೋಗಿ ಒರಟಾಗಿದ್ದ ಗೋಡೆಯನ್ನು, ಜ್ವರ ಬಂದ ಮಗುವಿನ ಬೆನ್ನು ಸವರುವಂತೆ, ಮೇಲಿನಿಂದ ಕೆಳಗೆ ಸವರತೊಡಗಿತು. ಜನರೇಟರಿನ ಸದ್ದು ಬಿಟ್ಟರೆ ಅಲ್ಲಿ ಉಸಿರಿನ ಸದ್ದೂ ಇರಲಿಲ್ಲ. ನಿಲ್ಲಿಸಿ ಎಂದು ಹೇಳುವುದನ್ನೇ ಮರೆತು ನಿಂತಿದ್ದ ನಿರ್ದೇಶಕರು ಕೊನೆಗೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಇದಕ್ಕೆ ನಾನು ಒಂದು ಶಬ್ದವನ್ನೂ ಸೇರಿಸೋದಿಲ್ಲ" ಎಂದರು. ನಾನು ಅದನ್ನು ವರವೆಂದು ತಿಳಿದೆ.

ಚಿತ್ರ ಆಳಂದಕ್ಕೆ ಬರಲು ಬಹಳ ಕಾಲ ಹಿಡಿಯಿತು. ಬಂದ ದಿನ, ತಗಡಿನ ಮಾಡಿನ ಆ ಟಾಕೀಸಿನ ಮಧ್ಯಾಹ್ನದ ಆಟಕ್ಕೆ, ಹೆಂಗಸರು ಕೂರುವ ಕಡೆ ಕಾಲಿಡಲು ಜಾಗವಿರಲಿಲ್ಲ. ನನ್ನ ಶಾಲೆಯ ಹುಡುಗಿಯರು, ಅವರ ತಾಯಂದಿರು, ನಮ್ಮ ಪಕ್ಕದ ಮನೆಯ ಖುರ್ಷಿದಬೀ, ಎಲ್ಲರೂ ಬಂದಿದ್ದರು. ಇಸ್ತ್ರಿ ಮಾಡಿದ ಇಳಕಲ್ಲಿನ ಸೀರೆಯುಟ್ಟ ಅವ್ವ ನನ್ನ ಮತ್ತು ಖುರ್ಷಿದಬೀಯ ನಡುವೆ ಕೂತಿದ್ದಳು. ಅವಳ ಮುಖ ಪರದೆಯ ಮೇಲೆ ಗೋಪುರದಷ್ಟು ದೊಡ್ಡದಾಗಿ ಕಾಣಿಸಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಆ ಮುಖ ಬಾಯಿ ತೆರೆಯಿತು.

"ಏನ್ಲಾ ಮಗಾ, ಉಣ್ಣಾಕಿಲ್ವಾ?" ಎಂದಿತು.

ನಾವು ಯಾರೂ ಹುಟ್ಟಿದಂದಿನಿಂದ ಆಡದ, ನಮ್ಮ ಕಡೆಯ ಯಾವ ಹೊಲದಲ್ಲೂ ಬೆಳೆಯದ ಮಾತು ಅದು. ಸರಸಂಬಾದಲ್ಲಿ ಅವ್ವ ಹೇಳಿದ್ದು "ಉಣ್ಣಾಕ ಬಾರೋ ತಮ್ಮಾ" ಎಂದು. ದನಿಯೂ ಅವಳದಲ್ಲ, ಯಾರೋ ಬೇರೆ ಹೆಂಗಸಿನ, ಎಳೆದು ಎಳೆದು ಮುದಿಗೊಳಿಸಿದ ದನಿ. ಗಂಡಸರ ಕಡೆಯಿಂದ ನಗೆಯ ಅಲೆಯೊಂದು ಎದ್ದು ನಮ್ಮ ಕಡೆಗೂ ಬಂತು. ಅವ್ವ ನನ್ನ ಕಿವಿಗೆ ಬಾಗಿ, "ಯಾರು ಮಾತಾಡಾಕತ್ಯಾರ ಬೇ ಇವರು?" ಎಂದು ಕೇಳಿದಳು. ಮಧ್ಯಂತರದಲ್ಲಿ ಪಕ್ಕದವರೆಲ್ಲ ನನ್ನ ಮುಖ ನೋಡಿದಾಗ, "ಅವರ ಚಿತ್ರ ಎರಡನೇ ಭಾಗದಾಗ ಏರ್ತಾವ್ರಿ" ಎಂದು ಸುಳ್ಳು ಹೇಳಿ ಶೇಂಗಾ ಹಂಚಿದೆ.

ಎರಡನೇ ಭಾಗದಲ್ಲಿ ಅವ್ವನ ಬೆನ್ನು ಬಂತು. ಅದೇ ಗೋಡೆ, ಅದೇ ಕೈ. ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಆ ನಿಶ್ಶಬ್ದವಾದ ಬೆನ್ನಿನ ಮೇಲೆ ಗೋಳು ಸುರಿಯಿತು. "ಅಯ್ಯಯ್ಯೋ ನನ್ ಕಂದಾ" ಎಂದು ಮೊದಲಾದ ಆ ಅಳು ಪಿಟೀಲುಗಳ ದಂಡನ್ನು ಹಿಂದಿಟ್ಟುಕೊಂಡು ತಗಡಿನ ಮಾಡಿಗೆ ಬಡಿಯಿತು, ಮರಳಿ ನಮ್ಮ ತಲೆಯ ಮೇಲೆ ಬಿತ್ತು. ಅಪ್ಪ ಸತ್ತ ದಿನ ಕೂತಂತೆಯೇ ಕೂತ ಆ ಬೆನ್ನು, ಈಗ ಊರೆದುರು ಎದೆ ಬಡಿದುಕೊಂಡು ಅಳುತ್ತಿರುವಂತಾಯಿತು. ಮುಂದಿನ ಸಾಲಿನಲ್ಲಿ ಯಾರೋ ಆ ಗೋಳನ್ನೇ ಅಣಕಿಸಿ ಕೂಗಿದ. ಟಾಕೀಸಿಗೆ ಟಾಕೀಸೇ ನಕ್ಕಿತು.

ಖುರ್ಷಿದಬೀ ಅವ್ವನ ಕೈ ಹಿಡಿದು, "ನಡೀರಿ ಖಾಲಾ, ಸಾಕು, ಮನೀಗೆ ಹೋಗೋಣು" ಎಂದಳು.

"ಇರು. ಮುಗೀಲಿ," ಎಂದಳು ಅವ್ವ. "ಕರದವರ ಪಂಕ್ತಿಯಾಗ ಕುಂತೀವಿ, ನಡುವ ಎದ್ರ ಉಣಬಡಸಿದವರಿಗಿ ಅವಮಾನ."

ಪಂಕ್ತಿ ಮುಗಿಯುವವರೆಗೆ ಅವಳು ತಲೆ ತಗ್ಗಿಸದೆ ಕೂತಿದ್ದಳು. ತಗ್ಗಿದ ತಲೆ ನನ್ನದು. ತೆರೆ ಎಂಬ ನಮ್ಮ ಮಾತಿಗೆ ಮುಚ್ಚುವ ಬಟ್ಟೆಯೆಂಬ ಅರ್ಥವೂ ಇದೆ, ಬಿಚ್ಚು ಎಂಬ ಅರ್ಥವೂ ಇದೆ. ಆ ಮಧ್ಯಾಹ್ನ ಅದು ಎರಡನ್ನೂ ತಪ್ಪು ಜಾಗದಲ್ಲಿ ಮಾಡಿತು: ತೋರಿಸಬೇಕಾದದ್ದನ್ನು ಮುಚ್ಚಿ, ಮುಚ್ಚಿಡಬೇಕಾದದ್ದನ್ನು ಬಯಲಿಗಿಟ್ಟಿತು.

ಓದುವ ಗೆಳೆಯರೇ, ಸಾಧಾರಣ ನಿರ್ದೇಶಕನೊಬ್ಬ ಕೆಟ್ಟ ಚಿತ್ರ ಮಾಡಿದರೆ ನಾವು ನಗುತ್ತೇವೆ, ಸೆರಗಿಗೆ ಹತ್ತಿದ ಶೇಂಗಾ ಸಿಪ್ಪೆಯ ಜೊತೆಗೆ ಅದನ್ನೂ ಅಲ್ಲಿಯೇ ಕೊಡವಿ ಎದ್ದು ಬರುತ್ತೇವೆ. ದೊಡ್ಡವರು ಸೋತಾಗ ಹಾಗೆ ಕೊಡವಿಕೊಳ್ಳಲು ಬರುವುದಿಲ್ಲ. ಬೀಗರೆಲ್ಲ ಕೂತ ಪಂಕ್ತಿಯಲ್ಲಿ ತಂದೆಯ ಕೈ ನಡುಗಿ ಸಾರಿನ ಪಾತ್ರೆ ಉರುಳಿದರೆ ಮಕ್ಕಳಿಗೆ ಆಗುವ ಸಂಕಟವಿದೆಯಲ್ಲ, ಅಂಥದು ಅದು. ಪಾತ್ರೆ ಉರುಳಿಸಿದವರು ನಾವಲ್ಲವಾದರೂ ಬೆಂಕಿ ಬಿದ್ದದ್ದು ನಮ್ಮ ಮುಖಕ್ಕೆ. ಏಕೆಂದರೆ ಅವರ ದೊಡ್ಡತನದಲ್ಲಿ ನಾವೂ ಒಂದು ಕೋಣೆ ಕಟ್ಟಿಕೊಂಡಿರುತ್ತೇವೆ, ಅಲ್ಲಿಗೆ ನೆಂಟರನ್ನು ಕರೆದಿರುತ್ತೇವೆ. ಅವರ ಕೆಟ್ಟ ಚಿತ್ರವನ್ನು ನೋಡುವಾಗ ಹಿಂದಿನ ಒಳ್ಳೆಯ ಚಿತ್ರಗಳ ಮೇಲೂ ಸಂಶಯ ಬರುತ್ತದೆ. ಅಕ್ಕಿಯಲ್ಲಿ ನಿಂತ ಆ ಕೈ ನಿಜವಾಗಿ ಅಷ್ಟು ಚೆನ್ನಾಗಿತ್ತೇ, ಅಥವಾ ಧಾರವಾಡದಲ್ಲಿದ್ದ ನನ್ನ ಹರೆಯ ಹಾಗೆ ಕಂಡಿತೇ? ಹೀಗೆ ಕೇಳಿಕೊಳ್ಳುವುದು ಕೂಡ ನಾಚಿಕೆಯೇ.

ಆಮೇಲಿನ ದಿನಗಳು ಕಷ್ಟದವು. ನಾನು ಓಣಿಯಲ್ಲಿ ಹಾದುಹೋದರೆ ಬೆನ್ನ ಹಿಂದೆ ಸಣ್ಣ ಹುಡುಗರು "ಅಯ್ಯಯ್ಯೋ ನನ್ ಕಂದಾ" ಎನ್ನುತ್ತಿದ್ದರು. ಚಿತ್ರ ಜೇವರ್ಗಿಗೂ ಹೋಯಿತು. ಅಣ್ಣ ಅಂಗಡಿ ಮುಚ್ಚಿ, ಬಸ್ಸು ಹಿಡಿದು ಬಂದು, ಚಪ್ಪಲಿ ಕಳಚುವ ಮೊದಲೇ, "ನಮ್ಮವ್ವನ ಅಳೂದು ಟಿಕೀಟ ಇಟ್ಟು ತೋರ್ಸಿದ್ರಿ ಲೇ! ನೀ ಓದಿದಾಕಿ, ನಿನಗಾದ್ರೂ ತಿಳೀಬಾರದಾ?" ಎಂದು ನನ್ನ ಮೇಲೆ ಹಾಯ್ದ. ಅವ್ವ "ಆಕೀದೇನ್ ತಪ್ಪೋ, ಕುಂದರು, ನೀರ ಕುಡಿ" ಎಂದು ಅವನನ್ನು ತಣ್ಣಗಾಗಿಸಿದಳು. ಆದರೆ ಅವಳೊಳಗೆ ಏನೋ ಕುಸಿದಿತ್ತು. ಮೂರನೇ ಮನೆಯ ಮುದುಕರು ತೀರಿಕೊಂಡು, ಎಂದಿನಂತೆ ಹೇಳಿಕಳಿಸಿದಾಗ ಅವ್ವ ಮೈಯಲ್ಲಿ ಹುಷಾರಿಲ್ಲವೆಂದಳು. ಇನ್ನೊಂದು ಮನೆಗೂ ಹಾಗೇ ಮಾಡಿದಳು. ಯಾಕೆಂದು ಕೇಳಿದ್ದಕ್ಕೆ, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ ಹೇಳಿದಳು: "ಈಗ ನಾ ಹೋಗಿ ಕುಂತ್ರ ಆ ಮಂದಿ ನನ್ನ ಬಾಯಿ ನೋಡ್ತಾರ ಬೇ. ಈಕಿ ಎಂದು ಅಳ್ತಾಳ ಅಂತ ನೋಡ್ತಾರ. ಸತ್ತವರ ಕಡಿ ಯಾರ ನೋಡ್ಬೇಕು?"

ನಮ್ಮ ಓಣಿಯಲ್ಲಿ ಅವಳಿಗಿದ್ದ ಒಂದೇ ಒಂದು ಪದವಿಯನ್ನು ನನ್ನ ದೇವರು ಕಿತ್ತುಕೊಂಡಿದ್ದರು. ಅವರು ಎಂದಾದರೂ ಎದುರಿಗೆ ಸಿಕ್ಕರೆ ಏನೇನು ಹೇಳಬೇಕೆಂದು ನಾನು ಮನಸ್ಸಿನಲ್ಲಿಯೇ ಬರೆದು, ತಿದ್ದಿ, ಕಂಠಪಾಠ ಮಾಡಿಟ್ಟುಕೊಂಡೆ.

ಅವರು ಸಿಕ್ಕರು. ಒಂದೆರಡು ವರ್ಷಗಳಾಗಿದ್ದಿರಬೇಕು, ಬೇಸಿಗೆಯ ಮಧ್ಯಾಹ್ನ ಮನೆಯ ಮುಂದೆ ಜೀಪೊಂದು ನಿಂತಿತು. ಇಳಿದವರು ಮೊದಲಿಗಿಂತ ತೆಳ್ಳಗಾಗಿದ್ದರು. ಯಾವುದೋ ಊರಿಗೆ ಹೊರಟವರು ದಾರಿಯಲ್ಲಿ ಬಂದೆ ಎಂದೇನೋ ಹೇಳಲು ಹೋಗಿ, ನಡುವೆ ನಿಲ್ಲಿಸಿ, "ಇಲ್ಲ. ಅಮ್ಮನನ್ನು ನೋಡೋಕೇ ಬಂದೆ" ಎಂದರು. ನನ್ನ ಕಂಠಪಾಠ ಗಂಟಲಿನವರೆಗೆ ಬಂದಿತ್ತು. ಅವ್ವ ಅಷ್ಟರಲ್ಲಿ ಅವರ ಕಾಲಿಗೆ ನೀರು ಕೊಟ್ಟು, "ಒಳಗ ಬರ್ರಿ, ಬಿಸಲಾಗ ಬಂದೀರಿ, ಮೊದಲು ಊಟ" ಎಂದುಬಿಟ್ಟಳು. ಉಣ್ಣುವವನನ್ನು ಬಯ್ಯುವ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾಹಿಂಡಿ. ಅವರು ತಲೆಯೆತ್ತದೆ ಉಂಡರು. ಕೈ ತೊಳೆದ ಮೇಲೆ, "ಚಿತ್ರ ನೋಡಿದ್ರಾ ಅಮ್ಮ?" ಎಂದರು.

"ನೋಡೀನ್ರಿ."

"ನಾನು ಹೆದರಿಬಿಟ್ಟೆ ಅಮ್ಮ," ಎಂದರು. "ಹಿಂದಿನ ಚಿತ್ರಕ್ಕೆ ಜನ ಬಂದಿರಲಿಲ್ಲ. ಇದನ್ನ ಮದ್ರಾಸಿನಲ್ಲಿ ಹಾಕಿ ನೋಡಿದಾಗ, ಬರೀ ಬೆನ್ನು ತೋರಿಸಿದರೆ ಈಯಮ್ಮ ಅಳ್ತಾ ಇದಾಳೆ ಅಂತ ಯಾರಿಗೆ ಗೊತ್ತಾಗುತ್ತೆ ಅಂತ ಜೊತೆಯವರು ಕೇಳಿದರು. ನನಗೂ ಗೊತ್ತಾಗೋದಿಲ್ಲವೇನೋ ಅನ್ನಿಸಿತು. ನನಗೇ ಅನ್ನಿಸಿತು, ಅವರು ಒತ್ತಾಯ ಮಾಡಲಿಲ್ಲ. ಜನರೇಟರಿನ ಗದ್ದಲದಲ್ಲಿ ನಿಮ್ಮ ದನಿ ಹೇಗೂ ಕೆಟ್ಟಿತ್ತು. ನಿಮ್ಮನ್ನ ಕರೆಸಿ ಮಾತಾಡಿಸಬೇಕಿತ್ತು, ಅವಸರದಲ್ಲಿ ಅದನ್ನೂ ಮಾಡಲಿಲ್ಲ. ಅಲ್ಲೇ ಯಾರನ್ನೋ ಕರೆದು ಮಾಡಿಸಿದೆ."

ಆ ಕೊನೆಯ ಮಾತಿಗೆ ಅವ್ವ ಮುಂದಕ್ಕೆ ಬಾಗಿದಳು.

"ಯಾರ್ರಿ ಆಕಿ?"

"ಯಾರು ಅಮ್ಮ?"

"ಅತ್ತಾಕಿ."

ಅವರು ನೆನಪು ಮಾಡಿಕೊಳ್ಳಲು ನೋಡಿದರು. ಹಣೆಯ ಮೇಲೆ ಬೆರಳಿಟ್ಟುಕೊಂಡರು. "ಒಬ್ಬರು ಬರ್ತಾ ಇದ್ರು... ವಯಸ್ಸಾದವರು. ಬೆಳಿಗ್ಗೆ ಬಂದು, ನಿಮ್ಮ ದೃಶ್ಯ ನೋಡ್ತಾ ಮೈಕಿನ ಮುಂದೆ ನಿಂತು, ಒಂದೇ ಸಲಕ್ಕೆ ಮಾಡಿಕೊಟ್ಟು ಹೊರಟುಹೋದರು. ಹೆಸರು..."

"ಹೆಸರ ಕೇಳ್ಲಿಲ್ಲೇನ್ರಿ?" ಅವ್ವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಅಚ್ಚರಿ ಮಾತ್ರ ಇತ್ತು. "ಆಕಿ ಮಾತು ಸುಳ್ಳ ಇತ್ತು, ಖರೇ. ಆದ್ರ ಆ ಅಳು ಸುಳ್ಳ ಇದ್ದಿದ್ದಿಲ್ರಿ. ನನ್ನ ಬೆನ್ನ ನೋಡಿ ಆಕೀಗಿ ತನ್ನ ಮನೀದು ಏನ್ ನೆಪ್ಪಾತೋ ಏನೋ. ಅಷ್ಟು ಅತ್ತು ಹೋದಾಕೀಗಿ, ಯಾಕವ್ವ, ಏನಾತು, ಅಂತ ಯಾರೂ ಕೇಳ್ಲಿಲ್ಲ?"

ಆ ಮನುಷ್ಯನ ಮುಖವನ್ನು ನಾನು ಮರೆಯಲಾರೆ. ಅವರು ಬಂದದ್ದು ಒಂದು ತಪ್ಪಿಗೆ ಕ್ಷಮೆ ಕೇಳಲು, ಸಿಕ್ಕಿಬಿದ್ದದ್ದು ಇನ್ನೊಂದರಲ್ಲಿ. ಕೆಟ್ಟ ಚಿತ್ರಕ್ಕಿಂತ ಅದು ಅವರಿಗೆ ಹೆಚ್ಚು ತಾಗಿತು. ಏಕೆಂದರೆ ಅಕ್ಕಿಯಲ್ಲಿ ನಿಂತುಹೋದ ಕೈಯನ್ನು ಒಂದು ಕಾಲಕ್ಕೆ ನೋಡಬಲ್ಲವರಾಗಿದ್ದವರು ಅವರು, ಎದುರಿಗೇ ನಿಂತು ಅತ್ತವಳನ್ನು ನೋಡಿರಲಿಲ್ಲ. ನನ್ನ ಕಂಠಪಾಠದ ಮಾತುಗಳು ಒಂದೊಂದೇ ಒಳಗೆ ಇಳಿದುಹೋದವು. ಅವರನ್ನು ಬಯ್ಯುವ ಹಕ್ಕು ನನಗೆಲ್ಲಿತ್ತು? ಆ ದನಿಯನ್ನು ಇಷ್ಟು ದಿನ ಶಪಿಸಿದ ನನಗೂ, ಅದು ಯಾರೋ ಒಬ್ಬಳ ಗಂಟಲಿನಿಂದ ಬಂದದ್ದೆಂಬುದು ಹೊಳೆದಿರಲಿಲ್ಲ. ಜೀಪು ಹತ್ತುವ ಮುನ್ನ ಅವರು ಅವ್ವನ ಪಾದ ಮುಟ್ಟಿದರು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಆಮೇಲೂ ಅವರು ಚಿತ್ರಗಳನ್ನು ಮಾಡಿದರು. ಕೆಲವು ಒಳ್ಳೆಯವೆಂದು ಕೇಳಿದ್ದೇನೆ.

ಆ ಮಳೆಗಾಲದಲ್ಲಿಯೇ ಖುರ್ಷಿದಬೀಯ ಗಂಡ ತೀರಿಕೊಂಡ. ಸುದ್ದಿ ತಿಳಿದಾಗ ಅವ್ವ ಹುಷಾರಿಲ್ಲ ಎನ್ನಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ನಾನೂ ಹಿಂದೆ ಹೋದೆ. ನೆರೆದ ಹೆಂಗಸರಲ್ಲಿ ಕೆಲವರು ನಿಜವಾಗಿಯೂ ಅವಳ ಬಾಯಿಯನ್ನೇ ನೋಡಿದರು. ಅವಳು ಲಕ್ಷ್ಯ ಕೊಡದೆ ಖುರ್ಷಿದಬೀಯ ಪಕ್ಕ ಹೋಗಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಖುರ್ಷಿದಬೀ ಅವಳ ಭುಜಕ್ಕೆ ಹಣೆಯಿಟ್ಟು, ಅಲ್ಲಿಯವರೆಗೆ ತಡೆಹಿಡಿದದ್ದನ್ನೆಲ್ಲ ಬಿಟ್ಟುಬಿಟ್ಟಳು. ಯಾರೂ ಅವ್ವನ ಬಾಯಿ ನೋಡಲಿಲ್ಲ ಆಮೇಲೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗೂ ಟಿವಿ ಬಂತು. ಅವ್ವನ ಕಣ್ಣಿಗೆ ಆಗಲೇ ಪೊರೆ ಕವಿದಿತ್ತು. ನೋಡುವುದಕ್ಕಿಂತ ಹೆಚ್ಚಾಗಿ ಅವಳು ಟಿವಿಯನ್ನು ಕೇಳುತ್ತಿದ್ದಳು. ಒಂದು ರವಿವಾರ ಮಧ್ಯಾಹ್ನ ಮುನ್ಸೂಚನೆಯಿಲ್ಲದೆ ಆ ಚಿತ್ರ ಬಂತು. ಬೇರೆ ಕಡೆ ತಿರುಗಿಸೋಣವೆಂದರೆ ಅವ್ವ ಆ ಎಳೆದ ದನಿಯನ್ನು ಆಗಲೇ ಗುರುತಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಲ್ಲಿನ ಗಣಿಯ ಸುದ್ದಿ ತಂದವನು ಪರದೆಯ ಮೇಲೆ ಬಂದ ಕೂಡಲೇ ಅದೇ ನಾಚಿಕೆ, ಇಷ್ಟು ವರ್ಷವಾದರೂ ಒಂದಿಷ್ಟೂ ಹಳತಾಗದೆ. ಎದ್ದು ಹೋಗಿ ದನಿಯನ್ನು ಸಣ್ಣದು ಮಾಡಲು ಗುಂಡಿಗೆ ಕೈಯಿಟ್ಟೆ.

"ಸಣ್ಣ ಮಾಡಬ್ಯಾಡ ಬೇ," ಎಂದಳು ಅವ್ವ.

ಕೈ ತೆಗೆದೆ. ಆ ಹೆಸರಿಲ್ಲದ ಹೆಂಗಸು ಅಳತೊಡಗಿದಳು.

"ಅಳ್ಲಿ ಆಕಿ," ಎಂದಳು ಅವ್ವ, ಕಾಣದ ಕಣ್ಣನ್ನು ಆ ದನಿ ಬರುತ್ತಿದ್ದ ಕಡೆ ತಿರುಗಿಸಿ. "ನಾ ಇಲ್ಲೇ ಕುಂತೀನಲ್ಲ."